ಹದಿನೆಂಟು ಟನ್ ಗ್ಯಾಸು, ನಾಲ್ಕಂಕಿಯ ಕೋಡು

ಗ್ಯಾಸ್ ಟ್ಯಾಂಕರ್ ಡ್ರೈವರ್ ಮನೆಯಲ್ಲಿ ಸಿಲಿಂಡರ್ ಖಾಲಿಯಾಯಿತೆಂದರೆ ಬೀದಿಗೆಲ್ಲ ಹಬ್ಬ. "ಏನಣ್ಣಾ, ಮಂಗಳೂರಿಂದ ಅಷ್ಟುದ್ದ ಟ್ಯಾಂಕರ್ ತುಂಬಾ ತರ್ತೀರ, ಬರೋವಾಗ ಮನೆಗೊಂದ್ ಸಿಲಿಂಡರ್ ತುಂಬಿಸ್ಕೊಂಡ್ ಬರಬಾರದಿತ್ತಾ?" ಬೆಂಗಳೂರಿನ ಲಗ್ಗೆರೆಯಾಗಲಿ, ದಾಸರಹಳ್ಳಿಯಾಗಲಿ, ಈ ಜೋಕನ್ನು ಹೇಳುವ ಪ್ರತಿಯೊಬ್ಬರ ಮುಖದಲ್ಲೂ ಇದು ತಮಗೇ ಮೊದಲು ಹೊಳೆದದ್ದು ಎಂಬ ಬೆಳಕು. ಮೊನ್ನೆ ಭಾನುವಾರವೂ ಒಬ್ಬರು ಹೊಳೆಸಿಕೊಂಡರು. ಮೂಲೆ ಮನೆ ಅಂಕಲ್ ಇನ್ನೊಂದು ಹೆಜ್ಜೆ ಮುಂದೆ: ಪ್ರತಿ ತಿಂಗಳು ಒಂದನೇ ತಾರೀಖು "ರೇಟು ಯಾವಾಗಪ್ಪ ಇಳಿಸ್ತೀಯಾ?" ಅಂತ ಡ್ರೈವರನ್ನೇ ಕೇಳುತ್ತಾರೆ.

ಲೆಕ್ಕ ನೋಡಿದರೆ ಅವರ ಹೊಟ್ಟೆಯುರಿಗೂ ಕಾರಣವಿದೆ. ಒಂದು ಬುಲೆಟ್ ಟ್ಯಾಂಕರ್‌ನಲ್ಲಿ ಸುಮಾರು 18 ಟನ್ ಗ್ಯಾಸ್. ಮನೆ ಸಿಲಿಂಡರ್ 14.2 ಕೆಜಿ. ಭಾಗಿಸಿದರೆ 1,260ಕ್ಕೂ ಮೇಲೆ. ವರ್ಷಕ್ಕೆ ಎಂಟು ಸಿಲಿಂಡರ್ ಮುಗಿಸುವ ಸಂಸಾರಕ್ಕೆ ಒಂದು ಲೋಡು ನೂರೈವತ್ತು ವರ್ಷ ಬರುತ್ತದೆ. ಮೊಮ್ಮಗನ ಮೊಮ್ಮಗನ ನಾಮಕರಣದ ಅಡುಗೆಯೂ ಅದರಲ್ಲೇ ಆದೀತು.

ಆದರೆ ಅದು ಕಾವೇರಿ ನೀರು ಬಾರದ ದಿನ ಬೀದಿಗೆ ಬಂದು ನಿಲ್ಲುವ ನೀರಿನ ಟ್ಯಾಂಕರ್ ಅಲ್ಲ, ಹಿಂದೆ ಪೈಪ್ ಸಿಕ್ಕಿಸಿ ಕೊಡ ಒಡ್ಡುವುದಕ್ಕೆ. ಒಳಗಿರುವುದು ಒತ್ತಡದಲ್ಲಿ ದ್ರವವಾಗಿರುವ ಗ್ಯಾಸು. ವಾಲ್ವ್ ಪೆಟ್ಟಿಗೆಗೆ ನಂಬರ್ ಇರುವ ಸೀಲ್. ಪೈಪೇನಾದರೂ ಕಿತ್ತು ಗ್ಯಾಸು ಒಮ್ಮೆಲೇ ನುಗ್ಗಿದರೆ ತಾನಾಗಿ ಮುಚ್ಚಿಕೊಳ್ಳುವ ಎಕ್ಸೆಸ್ ಫ್ಲೋ ವಾಲ್ವ್ ಬೇರೆ. ಸಿಲಿಂಡರ್ ತುಂಬಿಸುವ ಪ್ಲಾಂಟಿನಲ್ಲಿ ಇಳಿಸುವಾಗ ಮೊದಲು ತೂಕ, ಆಮೇಲೆ ಎಂಜಿನ್ ಆಫ್, ಚಕ್ರ ಉರುಳದಂತೆ ಅಡ್ಡ ತಡೆ, ಕಿಡಿ ಹಾರದಂತೆ ಅರ್ಥಿಂಗ್ ಕ್ಲಿಪ್. ಬಳಿಕ ಎರಡು ಪೈಪ್ ಜೋಡಿಸುತ್ತಾರೆ. ಒಂದರಲ್ಲಿ ಕಂಪ್ರೆಸರ್ ಆವಿಯನ್ನು ತಂದು ಟ್ಯಾಂಕಿನ ಮೇಲ್ಭಾಗಕ್ಕೆ ಒತ್ತುತ್ತದೆ, ಆ ಒತ್ತಡಕ್ಕೆ ಇನ್ನೊಂದರಲ್ಲಿ ದ್ರವ ಹೊರಡುತ್ತದೆ. ದ್ರವ ಮುಗಿದ ಮೇಲೆ ದಾರಿ ತಿರುಗಿಸಿ ಉಳಿದ ಆವಿಯನ್ನೂ ಎಳೆದುಕೊಂಡು, ಖಾಲಿ ಗಾಡಿಯನ್ನು ಮತ್ತೆ ತೂಗುತ್ತಾರೆ. ತೂಕ ಕಮ್ಮಿ ಬಂದರೆ ಲೆಕ್ಕ ಕೊಡಬೇಕಾದವನು ಡ್ರೈವರ್. ಇದರ ಮಧ್ಯೆ ಮನೆಗೆ ಒಂದು ಸಿಲಿಂಡರ್ ಎಲ್ಲಿಂದ ಹಿಡಿಯುವುದು?

ಟ್ಯಾಂಕನ್ನು 85 ಪರ್ಸೆಂಟ್‌ಗಿಂತ ಹೆಚ್ಚು ತುಂಬಿಸುವಂತಿಲ್ಲ, ಬಿಸಿಲಿಗೆ ದ್ರವ ಹಿಗ್ಗಲು ಜಾಗ ಬೇಕು. ಒಂದು ಲೀಟರ್ ದ್ರವ ಹೊರಬಿದ್ದರೆ ಸುಮಾರು 250 ಲೀಟರ್ ಅನಿಲವಾಗುತ್ತದೆ. ಗಾಳಿಗಿಂತ ಭಾರವಾದ್ದರಿಂದ ಮೇಲೆ ಹೋಗಿ ಕರಗುವುದಿಲ್ಲ, ನೆಲ ಹಿಡಿದು ಚರಂಡಿ, ತಗ್ಗು ಹುಡುಕಿಕೊಂಡು ಹೋಗಿ ಕೂರುತ್ತದೆ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಪಲ್ಟಿಯಾಗಿ, ಬೆಂಕಿ ಹತ್ತಿ ಜೀವಗಳು ಹೋದದ್ದನ್ನು ಆ ರಸ್ತೆಯಲ್ಲಿ ಓಡಾಡುವವರಿಗೆ ನೆನಪಿಸಬೇಕಿಲ್ಲ. ಜೋಕಿಗೆ ಡ್ರೈವರುಗಳು ಹಲ್ಲು ಬಿಡದೆ ಇರುವುದಕ್ಕೆ ಅದೂ ಒಂದು ಕಾರಣ.

ಇನ್ನೊಂದು ತಮಾಷೆ ಅಡುಗೆಯದು. ಬೇರೆ ಲಾರಿಯವರು ರಸ್ತೆ ಬದಿ ಗಾಡಿ ನಿಲ್ಲಿಸಿ, ಪುಟಾಣಿ ಸ್ಟವ್ ಹಚ್ಚಿ, ಬಿಸಿ ಬಿಸಿ ಅನ್ನ ಸಾರು ಮಾಡಿಕೊಂಡು ಉಣ್ಣುತ್ತಾರೆ. ಗ್ಯಾಸ್ ಟ್ಯಾಂಕರಿನವನು ಬೆಂಕಿಪೊಟ್ಟಣವನ್ನೂ ಇಟ್ಟುಕೊಳ್ಳುವಂತಿಲ್ಲ. ಬೆನ್ನ ಹಿಂದೆ ಒಂದೂಕಾಲು ಸಾವಿರ ಮನೆಗಳ ಅಡುಗೆ, ಕೈಯಲ್ಲಿ ಢಾಬಾದ ತಣ್ಣನೆ ಪರೋಟ.

ಮಂಗಳೂರಿನಿಂದ, ಗ್ಯಾಸ್ ಇಳಿಸುವ ಪ್ಲಾಂಟ್ ಇರುವ ಸೋಲೂರಿನವರೆಗೆ ಮುನ್ನೂರು ಚಿಲ್ಲರೆ ಕಿಲೋಮೀಟರ್. ಕಾರಿನವರು ಬೆಳಗ್ಗೆ ತಿಂಡಿ ಅಲ್ಲಿ, ಮಧ್ಯಾಹ್ನದ ಊಟ ಇಲ್ಲಿ ಎನ್ನುತ್ತಾರೆ. ಟ್ಯಾಂಕರ್‌ಗೆ ಸ್ಪೀಡ್ ಗವರ್ನರ್ 60ಕ್ಕೇ ಕಟ್ಟಿಹಾಕಿರುತ್ತದೆ. ಗುಂಡ್ಯ ದಾಟಿದ ಮೇಲೆ ಆ 60 ಕೂಡ ಕನಸು. ಶಿರಾಡಿ ಘಾಟಿಯಲ್ಲಿ ತುಂಬಿದ ಗಾಡಿ ನಡೆದುಕೊಂಡು ಹೋಗುವವರ ಜೊತೆ ಮಾತಾಡುತ್ತಾ ಹತ್ತಬಹುದು. ಮಳೆಗಾಲದಲ್ಲಿ ದೋಣಿಗಾಲ್ ಕಡೆ ಗುಡ್ಡ ಜಾರಿತೆಂದರೆ ಅಲ್ಲೇ ಬಿಡಾರ. ಇಷ್ಟೆಲ್ಲ ಆಗಿ ಸೋಲೂರು ಮುಟ್ಟಿದರೆ ಪ್ಲಾಂಟ್ ಮುಂದೆ ಸಾಲು. ಮನೆ ಅಲ್ಲಿಂದ ಸುಮಾರು 40 ಕಿಲೋಮೀಟರ್. ಆ ಸಾಲಿನಲ್ಲಿ ಒಂದು ರಾತ್ರಿ, ಕೆಲವೊಮ್ಮೆ ಮಾರನೆಯ ದಿನವೂ.

ಈಗ ಅಸಲು ವಿಷಯಕ್ಕೆ ಬರೋಣ: ಕೋಡು.

ಸಿಲಿಂಡರ್ ಬುಕ್ ಮಾಡಿ ಬಿಲ್ಲಾದ ಮೇಲೆ ನೋಂದಾಯಿತ ಮೊಬೈಲಿಗೆ ನಾಲ್ಕಂಕಿಯ ಡೆಲಿವರಿ ಕೋಡ್ ಬರುತ್ತದೆ. ಅದನ್ನು ಹೇಳಿದರೆ ಮಾತ್ರ ಹುಡುಗ ಸಿಲಿಂಡರ್ ಇಳಿಸುತ್ತಾನೆ. ಕಾಳಸಂತೆ ತಡೆಯಲು ಮಾಡಿದ ಒಳ್ಳೆಯ ಏರ್ಪಾಡು, ತಕರಾರಿಲ್ಲ. ಆದರೆ ಕನೆಕ್ಷನ್ ಯಾರ ಹೆಸರಲ್ಲಿದೆ? ಯಜಮಾನರ ಹೆಸರಲ್ಲಿ. ನಂಬರು ಯಾರದ್ದು? ಅವರದ್ದೇ. ಅವರೆಲ್ಲಿ? ಗ್ಯಾಸ್ ಪ್ಲಾಂಟಿನ ಒಳಗೆ. ಫೋನೆಲ್ಲಿ? ಪ್ಲಾಂಟಿನ ಗೇಟಿನಲ್ಲಿ, ಸ್ವಿಚ್ ಆಫ್ ಆಗಿ, ಟೋಕನ್ ಕಟ್ಟಿಸಿಕೊಂಡು ಸೆಕ್ಯುರಿಟಿಯವರ ಗೂಡಿನಲ್ಲಿ ಮಲಗಿದೆ. ಯಾಕೆಂದರೆ ಒಳಗೆ ಗ್ಯಾಸ್ ಇದೆ.

ಮೂರನೇ ಮಹಡಿಯ ಬಾಗಿಲಲ್ಲಿ ಹುಡುಗ ಏದುಸಿರು ಬಿಡುತ್ತಾ ನಿಂತಿದ್ದಾನೆ. ಖಾಲಿ ಸಿಲಿಂಡರ್ ತೂಕವೇ ಹದಿನೈದು ಕೆಜಿ ಮೇಲೆ, ಒಳಗಿನ ಗ್ಯಾಸು ಸೇರಿದರೆ ಹೆಗಲ ಮೇಲೆ ಮೂವತ್ತು.

"ಅಕ್ಕಾ, ಕೋಡ್ ಹೇಳಿ."

"ನಮ್ಮೆಜಮಾನ್ರ ಫೋನಿಗೆ ಬಂದಿರತ್ತಪ್ಪ. ಅವರ ಫೋನು ಸ್ವಿಚ್ ಆಫು."

"ಎಲ್ಲಿದ್ದಾರಕ್ಕಾ?"

"ಗ್ಯಾಸ್ ಪ್ಲಾಂಟಲ್ಲಿ."

"ಏನ್ಮಾಡ್ತಿದ್ದಾರೆ ಅಲ್ಲಿ?"

"ಗ್ಯಾಸ್ ಇಳಿಸ್ತಿದ್ದಾರೆ."

ಹುಡುಗ ಒಂದು ಕ್ಷಣ ಸಿಲಿಂಡರನ್ನು ನೋಡುತ್ತಾನೆ, ಒಂದು ಕ್ಷಣ ಅಕ್ಕನನ್ನು. ಅವನ ಹೆಗಲಿನಿಂದ ಇಳಿದ ಆ ಸಿಲಿಂಡರಿನಲ್ಲಿರುವುದು ಹೋದ ವಾರ ಇದೇ ಯಜಮಾನರು ಘಾಟಿ ಹತ್ತಿಸಿ ತಂದ ಗ್ಯಾಸೇ ಇದ್ದರೂ ಇರಬಹುದು. ಅದನ್ನು ತಂದವನ ಹೆಂಡತಿಯೆಂದು ಎಷ್ಟು ಹೇಳಿದರೂ ಆ್ಯಪು ನಂಬುವುದಿಲ್ಲ, ಅದಕ್ಕೆ ನಾಲ್ಕಂಕಿ ಬೇಕು. "ಪಾಸ್‌ಬುಕ್ ತೋರಿಸ್ತೀನಿ", "ಆಧಾರ್ ಇದೆ", "ಹೋದ ಸಲ ನೀನೇ ತಾನೆ ಬಂದಿದ್ದು" ಎಲ್ಲ ಆಗುತ್ತದೆ. ಕೆಳಗೆ ನಿಲ್ಲಿಸಿದ ಆಟೊದಲ್ಲಿ ಇನ್ನೂ ಇಪ್ಪತ್ತು ಮನೆಯ ಸಿಲಿಂಡರ್ ಕಾಯುತ್ತಿವೆ. ಅವನು ನಿಟ್ಟುಸಿರಿಟ್ಟು ಮತ್ತೆ ಹೆಗಲಿಗೇರಿಸಿಕೊಂಡು ಇಳಿಯುತ್ತಾನೆ. ಎದುರು ಮನೆ ಆಂಟಿ ಬಾಗಿಲ ಸಂದಿಯಿಂದ ಎಲ್ಲ ಕೇಳಿಸಿಕೊಂಡು, ಬೀದಿಗೆ ಒಂದು ವಾರಕ್ಕಾಗುವಷ್ಟು ಸಾಮಗ್ರಿ ಜೋಡಿಸಿಕೊಳ್ಳುತ್ತಾರೆ.

ಸಂಜೆ ಗೇಟಿನಲ್ಲಿ ಫೋನ್ ಕೈಗೆ ಬಂದಾಗ ಮಿಸ್ಡ್ ಕಾಲ್‌ಗಳ ಸಾಲಿನ ಕೆಳಗೆ ಆ ಕೋಡು ತಣ್ಣಗೆ ಕೂತಿರುತ್ತದೆ. ಅಷ್ಟು ಹೊತ್ತಿಗೆ ಮನೆಯಲ್ಲಿ ಇಂಡಕ್ಷನ್ ಮೇಲೆ ಮ್ಯಾಗಿ, ಅದೂ ಕರೆಂಟ್ ಇದ್ದರೆ.

ಗಾಡಿಯನ್ನು ನೆಲಮಂಗಲದ ಆಚೆ ಯಾರ್ಡಿನಲ್ಲಿ ಬಿಟ್ಟು, ಬ್ಯಾಗ್ ಹಿಡಿದು ಮಾದಾವರದಲ್ಲಿ ಮೆಟ್ರೋ ಹತ್ತಬೇಕು. ಖಾಲಿ ಟ್ಯಾಂಕರ್‌ನಲ್ಲೂ ಆವಿ ಇದ್ದೇ ಇರುತ್ತದೆ, ಮನೆ ಮುಂದೆ ತಂದು ನಿಲ್ಲಿಸುವ ಮಾತೇ ಇಲ್ಲ. ಮನೆ ಸೇರಿದ ಮೇಲೆ ಶುರುವಾಗುವುದು ತಪಾಸಣೆ. ಈ ಕೆಲಸದವರಿಗೆ ಅದೊಂದು ಚಟ; ಚಪ್ಪಲಿ ಬಿಟ್ಟವರು ನೇರ ಅಡುಗೆಮನೆಗೆ ಹೋಗಿ ಮೂಸುತ್ತಾರೆ. ಹೆಂಡತಿ ಸಾರಿನ ವಾಸನೆಗೆ ಬಂದರೆಂದು ಸಂತೋಷಪಟ್ಟರೆ ಅದು ಆಕೆಯ ತಪ್ಪು. ಗ್ಯಾಸಿಗೆ ಸ್ವಂತ ವಾಸನೆ ಇಲ್ಲ, ಸೋರಿಕೆ ತಿಳಿಯಲಿ ಅಂತ ಮರ್ಕ್ಯಾಪ್ಟನ್ ಎಂಬ ಕೆಟ್ಟ ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ, ಇವರು ಮೂಸುವುದು ಅದನ್ನು. ಆಮೇಲೆ ರಬ್ಬರ್ ಟ್ಯೂಬಿನ ಮೇಲಿನ ವರ್ಷ ಓದುವುದು. ಐದು ವರ್ಷವಾಗಿದ್ದರೆ ಬದಲಾಯಿಸಬೇಕು. ಸಿಲಿಂಡರ್ ಕುತ್ತಿಗೆಯ ಪಟ್ಟಿಯ ಮೇಲೆ "ಬಿ 27" ಅಂತಿದ್ದರೆ 2027ರ ಏಪ್ರಿಲ್‌ನಿಂದ ಜೂನ್ ಒಳಗೆ ಅದರ ಪರೀಕ್ಷೆಯಾಗಬೇಕು; ಎ, ಬಿ, ಸಿ, ಡಿ ಅಂದರೆ ವರ್ಷದ ಮೂರು ಮೂರು ತಿಂಗಳು. ಸೋಪು ನೊರೆ ಹಚ್ಚಿ ಗುಳ್ಳೆ ನೋಡುವುದು. ಒಳಗೆ ಎಷ್ಟಿದೆಯೆಂದು ತಿಳಿಯಲು ಒದ್ದೆ ಬಟ್ಟೆಯಲ್ಲಿ ಒರೆಸಿ ಕಾಯುವುದು. ದ್ರವ ಇರುವಷ್ಟು ಭಾಗ ತಡವಾಗಿ ಒಣಗುತ್ತದೆ.

"ನಿನ್ನೆ ಉರಿ ಕಮ್ಮಿಯಾಯ್ತು, ಸಿಲಿಂಡರ್ ಮಲಗಿಸಿದೆ" ಅಂತ ಮನೆಯವರು ಬಾಯಿತಪ್ಪಿ ಅಂದರೋ, ಮುಗಿಯಿತು. ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ, ಉರಿ ಭಗ್ಗನೆ ಏಳುತ್ತದೆ ಎಂಬ ಉಪನ್ಯಾಸ ಅರ್ಧ ಗಂಟೆ. ಉಪನ್ಯಾಸ ಪೂರ್ತಿ ಸರಿ. ಆದರೆ ಹತ್ತು ದಿನಕ್ಕೊಮ್ಮೆ ಮನೆಗೆ ಬಂದವರು ಮೊದಲು ಆಡುವ ಮಾತು ಅದಾಗಬೇಕಿತ್ತೇ ಎಂದು ಆಕೆಯ ಮುಖ ಕೇಳುತ್ತಿರುತ್ತದೆ. ಆಮೇಲೆ ಅವರು ಮಲಗುತ್ತಾರೆ, ಟಿವಿ ಮ್ಯೂಟ್ ಆಗುತ್ತದೆ. ಸ್ಕೂಲಿಂದ ಬಂದ ಮಗಳು ಅಪ್ಪ ಏಳಲೆಂದು ಡ್ರಾಯಿಂಗ್ ಪುಸ್ತಕ ಹಿಡಿದು ಕೂರುತ್ತಾಳೆ. ಒಮ್ಮೊಮ್ಮೆ ಅಲ್ಲೇ ನಿದ್ದೆ ಹೋಗುತ್ತಾಳೆ.

ಕೋಡಿನ ಕಾಟಕ್ಕೆ ಪರಿಹಾರ ಸರಳ: ಏಜೆನ್ಸಿಗೆ ಹೋಗಿ ಹೆಂಡತಿಯ ನಂಬರ್ ಹಾಕಿಸುವುದು. ಪಾಸ್‌ಬುಕ್, ಆಧಾರ್, ಒಂದು ಅರ್ಜಿ, ಹತ್ತು ನಿಮಿಷದ ಕೆಲಸ. ಕೌಂಟರಿನಲ್ಲಿ ಮಾತ್ರ "ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರೇ ಬರಬೇಕು, ಇ-ಕೆವೈಸಿನೂ ಬಾಕಿ ಇದೆ" ಅನ್ನುತ್ತಾರೆ. ಅವರೇನೋ ಈ ಸಲ ಮನೆಯಲ್ಲೇ ಇದ್ದಾರೆ, ಶನಿವಾರ ರಾತ್ರಿ ಬಂದವರು. ಭಾನುವಾರ ಏಜೆನ್ಸಿಗೆ ರಜೆ. ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಬಾಗಿಲು ತೆರೆಯುತ್ತದೆ. ಟ್ರಾನ್ಸ್‌ಪೋರ್ಟ್ ಸೂಪರ್‌ವೈಸರ್ ಫೋನ್ ಬರುವುದು ಆರಕ್ಕೆ: "ಮಂಗಳೂರಲ್ಲಿ ಲೋಡ್ ರೆಡಿ ಇದೆ, ಎಷ್ಟೊತ್ತಿಗೆ ಹೊರಡ್ತೀಯಾ?"