ಪತ್ತನಾಜೆ ಕಳೆದ ಮೇಲೆ ಬರುವ ಮಕ್ಕಳು

ನಿನ್ನೆ ಉಡುಪಿಯಲ್ಲಿ ಒಂದು ‘ಆಟಿಡೊಂಜಿ ದಿನ’ಕ್ಕೆ ಹೋಗಿದ್ದೆ. ಆಟಿ ಅಂದರೆ ಜುಲೈ, ಆಗಸ್ಟ್ ಹೊತ್ತಿನ ತುಳು ತಿಂಗಳು, ಅದರ ನೆನಪಿಗೆ ಒಂದು ದಿನದ ಕಾರ್ಯಕ್ರಮ. ಪತ್ರೊಡೆ ಚೆನ್ನಾಗಿತ್ತು, ಅದನ್ನು ಮೊದಲೇ ಹೇಳಿಬಿಡ್ತೇನೆ, ಇಲ್ಲದಿದ್ದರೆ ಅಡುಗೆಯವರಿಗೆ ಅನ್ಯಾಯ. ತಲೆ ಕೆಟ್ಟದ್ದು ಊಟಕ್ಕೆ ಮೊದಲು. ಮೈಕ್ ಹಿಡಿದಿದ್ದ ಹಿರಿಯರೊಬ್ಬರು ಮುಂದಿನ ಸಾಲಿನಲ್ಲಿದ್ದ ನನ್ನ ಅಕ್ಕನ ಮಗನನ್ನು ವೇದಿಕೆಗೆ ಕರೆದರು. ಹದಿನೈದು ವರ್ಷ, ದುಬೈಯಲ್ಲಿ ಇಂಟರ್‌ನ್ಯಾಷನಲ್ ಸ್ಕೂಲ್, ರಜೆಗೆ ಬಂದವನು. ‘ಕಂಬಳ ತೂತನಾ?’ (ನೋಡಿದ್ದೀಯಾ?) ಅಂತ ತುಳುವಿನಲ್ಲಿ ಕೇಳಿದರು. ಯೂಟ್ಯೂಬಲ್ಲಿ ನೋಡಿದ್ದೇನೆ ಅಂದ. ಹಾಲ್ ಪೂರ್ತಿ ನಗು. ಭೂತಕೋಲ? ಇಲ್ಲ. ಯಕ್ಷಗಾನ ಒಂದಾದರೂ? ಇಲ್ಲ. ಪ್ರತಿ ‘ಇಲ್ಲ’ಕ್ಕೂ ಅವರು ಸಭೆಯ ಕಡೆ ತಿರುಗಿ ‘ಇಂಟರ್‌ನ್ಯಾಷನಲ್ ಅಲ್ವಾ’ ಅಂತ ಎಳೆದು ಎಳೆದು ಹೇಳಿದರು. ಹುಡುಗ ಎರಡೂ ಕೈ ಪ್ಯಾಂಟಿನ ಕಿಸೆಗೆ ತುರುಕಿ, ನೆಲ ನೋಡುತ್ತಾ, ಮರ್ಯಾದೆಗೆ ಒಂದು ನಗು ಇಟ್ಟುಕೊಂಡು ನಿಂತಿದ್ದ.

ಮಾರಾಯ್ರೆ, ಅವನು ನೋಡುವುದಾದರೂ ಯಾವಾಗ?

ದುಬೈಯಲ್ಲಿ ಶಾಲೆಗೆ ದೊಡ್ಡ ರಜೆ ಜುಲೈ, ಆಗಸ್ಟ್. ಆಗ ಅಲ್ಲಿ 45 ಡಿಗ್ರಿ ಬಿಸಿಲು. ಇಲ್ಲಿ ಮೇ ಕೊನೆಗೆ ಪತ್ತನಾಜೆ ಅನ್ನುವ ದಿನ ಬಂತೆಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ, ನೇಮ ನಿಲ್ಲುತ್ತವೆ. ಮತ್ತೆ ಶುರುವಾಗುವುದು ದೀಪಾವಳಿ ಹೊತ್ತಿಗೆ. ಕಂಬಳವೂ ಮಳೆ ಮುಗಿದ ಮೇಲೆ, ನವೆಂಬರ್ ಹೊತ್ತಿಗೆ. ಆಟಿಯಲ್ಲಿ ಮದುವೆ ಇಲ್ಲ. ಜುಲೈ 31ರವರೆಗೆ ಟ್ರಾಲ್ ಬೋಟ್ ಕಡಲಿಗೆ ಇಳಿಯುವ ಹಾಗಿಲ್ಲ, ತಾಜಾ ಬಂಗುಡೆಗೂ ಬರ. ಕೃಷ್ಣಾಷ್ಟಮಿಯ ವಿಟ್ಲಪಿಂಡಿ, ಹುಲಿವೇಷ ಅನ್ನುವಷ್ಟರಲ್ಲಿ ಹೆಚ್ಚಾಗಿ ಅಲ್ಲಿ ಬೆಲ್ ಹೊಡೆದಾಗಿರುತ್ತದೆ. ಅವನಿಗೆ ಸಿಕ್ಕಿದ ತುಳುನಾಡು ಅಂದರೆ ಮಳೆ, ಕರೆಂಟ್ ಹೋಗುವುದು, ಒಣಗದ ಟವೆಲಿನ ವಾಸನೆ, ಮತ್ತೆ ಆಟಿ ಅಮಾವಾಸ್ಯೆಗೆ ಖಾಲಿ ಹೊಟ್ಟೆಗೆ ಪಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ. ಮೂಗು ಹಿಡಿದುಕೊಂಡು ಕುಡಿಯುತ್ತಾನೆ, ಹಿಂದೆಯೇ ಮೆಂತೆ ಗಂಜಿ ಉಣ್ಣುತ್ತಾನೆ. ಕಾರ್ಯಕ್ರಮ ಇದ್ದದ್ದೇ ಆಟಿಯದ್ದು, ಅದನ್ನು ಕೇಳಿದ್ದರೆ ಹೇಳುತ್ತಿದ್ದ. ಯಾರೂ ಕೇಳಲಿಲ್ಲ.

‘ಹಾಗಾದರೆ ಡಿಸೆಂಬರಲ್ಲಿ ಬರಲಿ’ ಅಂದರು ಪಕ್ಕದ ಅಕ್ಕ ಒಬ್ಬರು. ಬರಲಿ. ಕ್ರಿಸ್‌ಮಸ್ ಹೊತ್ತಿಗೆ ಬಜ್ಪೆ ಏರ್‌ಪೋರ್ಟಿಗೆ ನಾಲ್ಕು ಜನರ ಟಿಕೆಟ್ ಎಷ್ಟಾಗುತ್ತದೆ ಅಂತ ಒಮ್ಮೆ ಮೊಬೈಲ್ ತೆಗೆದು ನೋಡಿ, ಆಮೇಲೆ ಮಾತಾಡುವ.

ನಾನು ಎಂಟನೇ ಕ್ಲಾಸಿನಿಂದ ದುಬೈಯಲ್ಲೇ ಓದಿದವಳು ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿ ಬ್ರಿಟಿಷ್ ಸಿಲೆಬಸ್‌ನಲ್ಲಿ ಎಂಟನ್ನು ಇಯರ್ ನೈನ್ ಅಂತಾರೆ. ಹಾಗಾಗಿ ಊರಿನಲ್ಲಿ ಯಾವ ಕ್ಲಾಸು ಅಂತ ಕೇಳಿದರೂ ನಾನು ಮೊದಲು ಒಂದು ಕಳೆದು ಹೇಳಬೇಕಿತ್ತು. ಆ ಶಾಲೆಯಲ್ಲಿ ವರ್ಷಕ್ಕೊಮ್ಮೆ ಇಂಟರ್‌ನ್ಯಾಷನಲ್ ಡೇ. ಎಲ್ಲ ಮಕ್ಕಳೂ ಅವರವರ ದೇಶದ ಬಟ್ಟೆ ಹಾಕಿ, ಅವರವರ ದೇಶದ ತಿಂಡಿ ಇಟ್ಟು ನಿಲ್ಲಬೇಕು. ನಮ್ಮ ಅಮ್ಮ ಬೆಳಿಗ್ಗೆ ನಾಲ್ಕಕ್ಕೆ ಎದ್ದು ನೀರುದೋಸೆ ಹೊಯ್ದು ಕೊಟ್ಟಿದ್ದರು, ಒಂದಕ್ಕೊಂದು ಅಂಟಬಾರದು ಅಂತ ಬಾಳೆ ಎಲೆ ಮಧ್ಯೆ ಮಧ್ಯೆ ಇಟ್ಟು. ಬಂದವರೆಲ್ಲ ಸಮೋಸ ಎಲ್ಲಿ ಅಂತ ಕೇಳಿದರು. ಒಬ್ಬ ಟೀಚರ್ ‘ಬಾಲಿವುಡ್ ಡ್ಯಾನ್ಸ್ ಮಾಡ್ತೀಯಾ?’ ಅಂದರು. ಅಲ್ಲಿ ಇಡೀ ಭಾರತ ನಾನೊಬ್ಬಳೇ ಆಗಬೇಕು. ಇಲ್ಲಿ ಬಂದರೆ ಇಡೀ ತುಳುನಾಡು ಬಾಯಿಪಾಠ ಒಪ್ಪಿಸಬೇಕು. ಎರಡು ಕಡೆಯೂ ವೈವಾ ಪರೀಕ್ಷೆಯೇ, ಪಾಠ ಮಾತ್ರ ಯಾರೂ ಮಾಡಿರುವುದಿಲ್ಲ.

ಮತ್ತೆ ಆ ಎಸಿ ಬಸ್ಸು, ಈಜುಕೊಳ, ‘ನಿಮಗೆಂಥ ಕಷ್ಟ’ ಅನ್ನುವ ಮಾತು. ಸರಿ, ಈಜುಕೊಳ ಇತ್ತು. ಸುಳ್ಳು ಹೇಳುವುದಿಲ್ಲ, ನನಗೆ ಅದು ತುಂಬ ಇಷ್ಟವೂ ಇತ್ತು. ಆದರೆ ಅಲ್ಲಿ ನಮ್ಮ ವೀಸಾ ಅಪ್ಪನ ಕೆಲಸಕ್ಕೆ ಕಟ್ಟಿದ್ದು. ಕೆಲಸ ಹೋದರೆ ಮನೆ, ಶಾಲೆ, ದೇಶ ಮೂರೂ ಒಟ್ಟಿಗೆ ಹೋಗುತ್ತದೆ. ಅಲ್ಲೇ ಹುಟ್ಟಿದ ಮಗುವಾದರೂ ಅಷ್ಟೇ. 2009ರಲ್ಲಿ ದುಬೈಯಲ್ಲಿ ಕಟ್ಟಡದ ಕೆಲಸಗಳು ಅರ್ಧಕ್ಕೆ ನಿಂತಾಗ ನಮ್ಮ ಕ್ಲಾಸಿನಲ್ಲಿ ಒಬ್ಬೊಬ್ಬರೇ ಕಾಣೆಯಾದರು. ಜೂನ್ ಕೊನೆಯ ದಿನ ಬಿಟ್ಟು ಹೋಗುವವರ ಯೂನಿಫಾರ್ಮ್ ಶರ್ಟಿನ ಮೇಲೆ ಎಲ್ಲರೂ ಮಾರ್ಕರ್‌ನಲ್ಲಿ ಹೆಸರು ಬರೆಯುವ ಕ್ರಮ ಉಂಟು. ನನ್ನ ಪಕ್ಕ ಕೂರುತ್ತಿದ್ದ ಲೆಬನಾನಿನ ಹುಡುಗಿ ಜೂನ್‌ವರೆಗೂ ಉಳಿಯಲಿಲ್ಲ. ಮಾರ್ಚಿನಲ್ಲೇ ಹೋದಳು. ಅವಳ ಕ್ಯಾಲ್ಕುಲೇಟರ್ ಈಗಲೂ ನಮ್ಮ ಮನೆಯಲ್ಲುಂಟು. ಆ ಮೇಲೆ ನಾನು ಪಕ್ಕದವರ ಹತ್ತಿರ ಜಾಸ್ತಿ ಮಾತಾಡುವುದನ್ನೇ ಬಿಟ್ಟೆ. ಮನೆಯಲ್ಲಿ ಇದು ಯಾರಿಗೂ ಗೊತ್ತಿಲ್ಲ, ಇವತ್ತು ಓದಿ ಗೊತ್ತಾಗಲಿ.

ಸರಿ, ಅಲ್ಲಿಯವರಲ್ಲ, ಇಲ್ಲಿಯವರಾದರೂ ಹೌದಾ ಅಂದರೆ ಎಂಜಿನಿಯರಿಂಗ್‌ನಂಥ ಸೀಟಿನ ಸಿಇಟಿಗೆ ಸಾಮಾನ್ಯವಾಗಿ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಇರಲಿ, ಅದನ್ನು ಹಿಡಿದರೆ ರಾತ್ರಿಯಾಗುತ್ತದೆ.

ಈಗ ಕಮೆಂಟಲ್ಲಿ ಬರುತ್ತೀರಿ, ಗೊತ್ತು. ‘ತಂದೆ ತಾಯಿ ಮನೆಯಲ್ಲಿ ಕಲಿಸಬೇಕು, ಭಾಷೆ ಉಳಿಸಬೇಕು.’ ಕಲಿಸಿದ್ದಾರೆ ಸ್ವಾಮಿ. ಅಕ್ಕ, ಭಾವ ಮನೆಯಲ್ಲಿ ತುಳುವೇ ಮಾತಾಡುವುದು. ವೇದಿಕೆಯ ಮೇಲೆ ಅವರು ತುಳುವಿನಲ್ಲಿ ಕೇಳಿದ ಪ್ರತಿ ಪ್ರಶ್ನೆಯೂ ಅವನಿಗೆ ಅರ್ಥವಾಗಿದೆ, ಇಲ್ಲದಿದ್ದರೆ ಉತ್ತರ ಹೇಗೆ ಕೊಟ್ಟ? ಬಾಯಿ ಬಿಟ್ಟರೆ ಉಚ್ಚಾರಕ್ಕೆ ನಗುತ್ತೀರಿ, ಬಿಡದಿದ್ದರೆ ಜಂಬ ಅನ್ನುತ್ತೀರಿ. ಅಂದ ಹಾಗೆ, ಮೈಕ್ ಹಿಡಿದವರ ಮೊಮ್ಮಕ್ಕಳು ಇಲ್ಲೇ ಇಂಗ್ಲಿಷ್ ಮೀಡಿಯಂ. ಊಟದ ಸಾಲಿನಲ್ಲಿ ಅಜ್ಜ ಅವರಿಗೆ ‘ಕಮ್, ಕಮ್, ಸಿಟ್ ಹಿಯರ್’ ಅನ್ನುತ್ತಿದ್ದರು. ಅಲ್ಲಿ ಯಾರೂ ನಗಲಿಲ್ಲ.

ಹುಡುಗನಿಗೆ ಆಟ, ಅಂದರೆ ಯಕ್ಷಗಾನ, ನೋಡುವ ಆಸೆ ನಿಜವಾಗಿಯೂ ಉಂಟು. ಚಂಡೆ ಕಲಿಯುವ ವಿಡಿಯೋ ನೋಡಿ ಡೈನಿಂಗ್ ಟೇಬಲ್ ಬಡಿದು ಬಡಿದು ಅಕ್ಕನ ತಲೆ ತಿಂದಿದ್ದಾನೆ. ಈ ಸಲ ಡಿಸೆಂಬರಲ್ಲಿ ಅವನೊಬ್ಬನನ್ನಾದರೂ ಕಳಿಸು, ಅರ್ಧ ಟಿಕೆಟ್ ನಾನು ಕೊಡ್ತೇನೆ ಅಂತ ಭಾವನಿಗೆ ಹೇಳಿದ್ದೇನೆ. ಆ ಎರಡು ವಾರದಲ್ಲಿ ಉಡುಪಿ, ಕಾರ್ಕಳ, ಕುಂದಾಪುರ ಕಡೆ ಎಲ್ಲಾದರೂ ಬೆಳಗಿನವರೆಗಿನ ಆಟ ಇದ್ದರೆ ಗೊತ್ತಿರುವವರು ತಾರೀಕು ಇನ್‌ಬಾಕ್ಸ್ ಮಾಡಿ. ಗಾಡಿ ನನ್ನದೇ ಉಂಟು.