ನಾಲ್ಕು ತಾಸಿನ ಕಡಬು, ಏಳು ತಾಸಿನ ಕಾಮಗಾರಿ

ಮತ್ತೆ ಬಂದಿದೆ. ಪೇಪರಿನ ಮೂಲೆಯಲ್ಲಿ, ನಿಧನ ವಾರ್ತೆಗಳ ಪಕ್ಕದಲ್ಲೇ: "ಇಂದು ವಿದ್ಯುತ್ ವ್ಯತ್ಯಯ." ತುರ್ತು ನಿರ್ವಹಣಾ ಕಾಮಗಾರಿ, ಬೆಳಿಗ್ಗೆ 10ರಿಂದ ಸಂಜೆ 5, ಗ್ರಾಹಕರು ಸಹಕರಿಸಬೇಕು. ಕೆಳಗೆ ಓಣಿಗಳ ಪಟ್ಟಿ. ವಿಜಯಪುರದಲ್ಲಿ ಯಾವ ಕಾಲೊನಿ ಎಲ್ಲಿದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆ ನಕಾಶೆ ಸಿಗಲಿಕ್ಕಿಲ್ಲ. ಎರಡು ದಿನ ಮೊದಲೇ ಬರೆದು, ಪೇಪರಿಗೆ ಕಳಿಸಿ, ಅಚ್ಚು ಹಾಕಿಸಿಕೊಂಡು ಬರುವ ತುರ್ತು ನಮ್ಮಲ್ಲಿ ಮಾತ್ರ ಇರಬೇಕು.

ಇಷ್ಟು ದಿನ ನಾನು ಒಳ್ಳೆಯ ಗ್ರಾಹಕನಾಗಿದ್ದೆ. ಸುಮ್ನೆ ಸಹಕರಿಸುತ್ತಿದ್ದೆ. ಈಗ ಮಗಳು ಮನೆಗೆ ಸ್ಲೋ ಕುಕ್ಕರ್ ತರಿಸಿದ್ದಾಳೆ, ಸಣ್ಣ ಕಾವಿನಲ್ಲಿ ತಾಸುಗಟ್ಟಲೆ ಬೇಯಿಸುವ ಕರೆಂಟ್ ಪಾತ್ರೆ. "ಅಪ್ಪಾ, ನೀ ಏನೂ ಮಾಡಬ್ಯಾಡ, ಹಣ್ಣ ಹಾಕಿ ಬಟನ್ ಒತ್ತು, ನಾಕ ತಾಸಿಗೆ ಬಿಸಿ ಬಿಸಿ ಸ್ವೀಟ್ ರೆಡಿ" ಅಂದಳು. ನಾಕ ತಾಸು! ಹುಡುಗಿ ಬೆಂಗಳೂರಿಗೆ ಹೋಗಿ ಬಹಳ ವರ್ಷ ಆಯಿತು. ಊರು ಮರೆತಿದ್ದಾಳೆ.

ತಿನಿಸು ಮಾತ್ರ ಚೆನ್ನಾಗಿದೆ, ಸುಳ್ಳು ಹೇಳಬಾರದು. ಸೇಬು ಹೆಚ್ಚಿ ಹಾಕಬೇಕು. ಸಕ್ಕರೆ, ದಾಲ್ಚಿನ್ನಿ, ನಮ್ಮ ಇಂಡಿ ನಿಂಬೆಹಣ್ಣಿನ ರಸ. ನಾನು ಒಂದು ಹಿಡಿ ಒಣದ್ರಾಕ್ಷಿಯನ್ನೂ ಸೇರಿಸುತ್ತೇನೆ. ವಿಜಯಪುರದಲ್ಲಿ ಇದ್ದು ಒಣದ್ರಾಕ್ಷಿ ಹಾಕದಿದ್ದರೆ ಹೇಗೆ? ಹಣ್ಣು ಮೆತ್ತಗಾಗಿ ರಸ ಕುದಿಯತೊಡಗಿದ ಮೇಲೆ ಮೈದಾ, ಬೆಣ್ಣೆ, ಹಾಲು, ಬೇಕಿಂಗ್ ಪೌಡರ್ ಕಲೆಸಿದ ಹಿಟ್ಟನ್ನು ಚಮಚದಿಂದ ಮೇಲೆ ಬಿಡಬೇಕು. ನಮ್ಮ ಕಡಬಿನಲ್ಲಿ ಹೂರಣ ಹೊಟ್ಟೆಯೊಳಗೆ ಇರುತ್ತದೆ. ಇದರಲ್ಲಿ ಹೂರಣದ ಮೇಲೆ ಕಡಬು ತೇಲುತ್ತದೆ. ಮುಚ್ಚಳದ ಕೆಳಗೊಂದು ಒಣ ಬಟ್ಟೆ ಕಟ್ಟಬೇಕು, ಇಲ್ಲದಿದ್ದರೆ ಆವಿ ಹನಿಯಾಗಿ ಬಿದ್ದು ಕಡಬು ತೊಯ್ದು ಹೋಗುತ್ತದೆ. ಮತ್ತೆ ಮತ್ತೆ ಮುಚ್ಚಳ ತೆಗೆದು ಇಣುಕುವಂತಿಲ್ಲ. ಒಮ್ಮೆ ಕಾವು ಹೋದರೆ ಅದು ತಿರುಗಿ ಏರಲು ಬಹಳ ಹೊತ್ತು ಬೇಕು.

ಎಲ್ಲಕ್ಕಿಂತ ಮುಖ್ಯ, ಹಿಟ್ಟು ಬಿಟ್ಟ ಮೇಲೆ ಕುದಿ ನಿಲ್ಲಬಾರದು. ಕಾವಿಗೆ ಬೇಕಿಂಗ್ ಪೌಡರ್ ಉಬ್ಬುತ್ತದೆ, ಉಬ್ಬಿದ್ದು ಅಲ್ಲೇ ಬೆಂದು ನಿಲ್ಲಬೇಕು. ನಡುವೆ ಕಾವು ಇಳಿದರೆ ಗಾಳಿ ಹೋಗಿ ಹಿಟ್ಟು ಕುಸಿಯುತ್ತದೆ. ಕರೆಂಟ್ ಹೋಗುವುದು ಸರಿಯಾಗಿ ಆ ಹೊತ್ತಿಗೇ. ಪೇಪರಿನಲ್ಲಿ ನಮ್ಮ ಓಣಿಯ ಹೆಸರು ಇಲ್ಲದ ದಿನವೂ ಹೋಗುತ್ತದೆ. ಮಗಳು ತರಿಸಿದ್ದು ಡಿಜಿಟಲ್ ಬೇರೆ. ತಿರುವುವ ಗುಂಡಿ ಇರುವಂಥದ್ದಾದರೆ ಕರೆಂಟ್ ಬಂದ ಕೂಡಲೇ ತನ್ನ ಕೆಲಸ ತಾನು ಮುಂದುವರಿಸುತ್ತದೆ. ಇದು ಎಲ್ಲ ಮರೆತು ಮಿಣುಕುತ್ತಾ ಕೂತಿರುತ್ತದೆ.

ಕರೆಂಟ್ ಆಫೀಸಿಗೆ ಫೋನ್ ಮಾಡಿದರೆ ಉತ್ತರ ಸಿಗುವುದಿಲ್ಲ ಅಂತ ಯಾರೂ ದೂರಬಾರದು. ಸಿಗುತ್ತದೆ.

"ಅಣ್ಣಾರ, ಲೈಟ್ ಯಾವಾಗ ಬರ್ತಾವ್ರಿ?"

"ಎಲ್‌ಸಿ ತಗೊಂಡಾರ್ರಿ, ಕೆಲಸಕ್ಕ ಲೈನ್ ಬಂದ್ ಮಾಡ್ಯಾರ. ಈಗ ಬರ್ತಾವ."

"ಈಗ ಅಂದ್ರ?"

"ಕಂಬದ ಮ್ಯಾಲಿನವ್ರು ಇಳಿದ ಮ್ಯಾಲ್ರಿ."

"ಯಾವಾಗ ಇಳೀತಾರ್ರಿ?"

"ಕೆಲಸ ಮುಗಿದ ಮ್ಯಾಲ್ರಿ."

ಇದರಲ್ಲಿ ಒಂದಾದರೂ ತಪ್ಪು ಮಾತು ಇದೆಯಾ? ಕಂಬ ಹತ್ತಿದ ಲೈನ್‌ಮನ್ ಮೇಲೆ ನನಗೆ ಸಿಟ್ಟೂ ಇಲ್ಲ. ಏಪ್ರಿಲ್ ಬಿಸಿಲಲ್ಲಿ ಆ ಕಬ್ಬಿಣ ಹಿಡಿದು ಹತ್ತುವುದು ಏನು ಅಂತ ನೋಡಿದವರಿಗೆ ಗೊತ್ತು.

ಈ ಸ್ಲೋ ಕುಕ್ಕರಿನ ಹುಟ್ಟು ಕೇಳಿ, ಮಜಾ ಇದೆ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಎಂಬಾತ 1940ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅವನ ಅಜ್ಜಿಯ ಊರು ಲಿಥುವೇನಿಯಾ ಕಡೆ. ಶನಿವಾರ ಯಹೂದಿಗಳು ಒಲೆ ಹಚ್ಚುವಂತಿಲ್ಲ. ಹಾಗಾಗಿ ಶುಕ್ರವಾರ ಸಂಜೆ ಕಾಳು, ಮಾಂಸ ತುಂಬಿದ ಗಡಿಗೆಯನ್ನು ಊರಿನ ಬೇಕರಿಯ ಭಟ್ಟಿಯೊಳಗೆ ಇಟ್ಟು ಬರುತ್ತಿದ್ದರು. ಆರುತ್ತಿರುವ ಭಟ್ಟಿಯ ಕಾವಿಗೆ ರಾತ್ರಿಯಿಡೀ ಅದು ಬೇಯುತ್ತಿತ್ತು. ಆ ಕಥೆ ಕೇಳಿ ಮೊಮ್ಮಗ ಭಟ್ಟಿಯ ಜಾಗಕ್ಕೆ ಕರೆಂಟ್ ತಂದ. ಜಾಣ. ವಿಜಯಪುರದಲ್ಲಿ ಹುಟ್ಟಿದ್ದರೆ ಭಟ್ಟಿಯನ್ನೇ ಇಟ್ಟುಕೊಳ್ಳುತ್ತಿದ್ದ. ನಮ್ಮ ಅಜ್ಜಿಯೂ ಕುಳ್ಳಿನ ಬೆಂಕಿಯ ಮೇಲೆ ಹಾಲಿನ ಗಡಿಗೆ ಇಟ್ಟು ಹೊಲಕ್ಕೆ ಹೋಗುತ್ತಿದ್ದಳು. ಸಂಜೆ ಬಂದಾಗ ಕೆನೆ ಕೆಂಪಗೆ ಕಟ್ಟಿರುತ್ತಿತ್ತು. ಅವಳಿಗೆ ಪೇಟೆಂಟ್ ಸಿಗಲಿಲ್ಲ, ಬಿಡಿ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಕುಕ್ಕರ್ 250 ವಾಟಿನದು. ನಾಲ್ಕು ತಾಸು ನಡೆದರೆ ಒಂದು ಯೂನಿಟ್. ನಮ್ಮ ಜಿಲ್ಲೆಯ ಕೂಡಗಿಯಲ್ಲಿರುವ ಕಲ್ಲಿದ್ದಲು ಸ್ಥಾವರದ ಸಾಮರ್ಥ್ಯ 2400 ಮೆಗಾವಾಟ್. ಪೂರ್ತಿ ನಡೆದರೆ ಏಕಕಾಲಕ್ಕೆ 96 ಲಕ್ಷ ಕುಕ್ಕರಿನಲ್ಲಿ ಕಡಬು ಬೇಯಿಸಬಹುದು. ಪಕ್ಕದಲ್ಲೇ ಆಲಮಟ್ಟಿ, ಅಲ್ಲಿ ನೀರಿನಿಂದ ಇನ್ನೂ 290 ಮೆಗಾವಾಟ್. ಗುಡ್ಡದ ಮೇಲೆ ನೋಡಿದರೆ ಸಾಲು ಸಾಲು ಗಾಳಿ ಫ್ಯಾನುಗಳು. ಕಲ್ಲಿದ್ದಲು, ನೀರು, ಗಾಳಿ, ಮೂರೂ ನಮ್ಮ ಊರಲ್ಲೇ ಕರೆಂಟ್ ಆಗುತ್ತವೆ. ಆಮೇಲೆ ದೊಡ್ಡ ತಂತಿ ಹಿಡಿದು, ನಮ್ಮ ಹೊಲಗಳ ಮೇಲಿಂದ ಹಾದು, ಪ್ರವಾಸ ಹೊರಡುತ್ತವೆ. ಇಂಥ ಉದಾರ ಜಿಲ್ಲೆ ಬೇರೆ ಎಲ್ಲಿದೆ?

ಮೇಲಾಗಿ ಈಗ ಕರೆಂಟ್ ಫ್ರೀ. 2023ರಲ್ಲಿ ಗೃಹಜ್ಯೋತಿ ಬಂತು. ಅದರ ಆಗಿನ ಲೆಕ್ಕ ಗೊತ್ತಲ್ಲ, ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ. 10 ಸೇರಿಸಿ, 200 ಯೂನಿಟ್ ಮೀರದಂತೆ. ಆ ವರ್ಷ ಎಷ್ಟು ಜಾಸ್ತಿ ಕತ್ತಲಲ್ಲಿ ಕೂತಿದ್ದೆವೋ ಸರಾಸರಿ ಅಷ್ಟು ಇಳಿದಿರುತ್ತದೆ, ಫ್ರೀ ಯೂನಿಟ್ಟೂ ಇಳಿಯುತ್ತದೆ. ಕತ್ತಲಿಗೂ ಒಂದು ಫಲ ಇದೆ ಅಂದುಕೊಂಡಿದ್ದೆ, ಅದೂ ಉಲ್ಟಾ.

ಕಡಬು ಕೆಟ್ಟರೆ ಕೆಡಲಿ. ಅದು ಹೊಟ್ಟೆ ತುಂಬಿದವರ ಗೋಳು. ಊರಿನಿಂದ ಎಂಟು ಹತ್ತು ಕಿಲೋಮೀಟರ್ ಆಚೆ ಹೋಗಿ ನೋಡಿ. ಪಂಪ್‌ಸೆಟ್ಟಿಗೆ ತ್ರೀಫೇಸ್ ದಿನಕ್ಕೆ ಏಳು ತಾಸು ಅಂತ ಸರ್ಕಾರ ಹೇಳುತ್ತದೆ. ಅದರಲ್ಲಿ ಒಂದಿಷ್ಟು ಕೊಡುವುದು ರಾತ್ರಿ. ನಡುರಾತ್ರಿ ಬ್ಯಾಟರಿ ಹಿಡಿದು, ಕಬ್ಬಿನ ನಡುವೆ ಕಾಲಿಟ್ಟು, ಮೋಟರ್ ಚಾಲೂ ಮಾಡಲು ಹೋಗಬೇಕು. ಹಾವು ಕಚ್ಚಿದ ಸುದ್ದಿ ಎಷ್ಟು ಸಲ ಓದಿಲ್ಲ ನಾವು? ಕೂಡಗಿಗೆ ಭೂಮಿ ಕೊಟ್ಟವರೂ ಇಲ್ಲಿನವರೇ. 2014ರಲ್ಲಿ ಬೇಡ ಅಂತ ಬೀದಿಗಿಳಿದಾಗ ಗೋಲಿಬಾರ್ ಆಯಿತು. ಹೊಲ ಹೋಯಿತು, ಬೂದಿ ಬಂತು, ಕರೆಂಟ್ ಮಾತ್ರ ಹಗಲಿಗೆ ಬರಲಿಲ್ಲ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಬರೆದು ಬರೆದು ಸಾಕಾಗಿದೆ.

ನಿನ್ನೆ ಸೇಬನ್ನು ದಪ್ಪ ತಳದ ಪಾತ್ರೆಗೆ ಹಾಕಿ ಗ್ಯಾಸಿನ ಮೇಲಿಟ್ಟೆ. ರಸ ಕುದಿ ಬಂದ ಮೇಲೆ ಹಿಟ್ಟು ಬಿಟ್ಟು, ಉರಿ ಸಣ್ಣ ಮಾಡಿ, ಬಿಗಿಯಾಗಿ ಮುಚ್ಚಿದೆ. ಇಪ್ಪತ್ತು ನಿಮಿಷಕ್ಕೆ ಹತ್ತಿಯಂತೆ ಉಬ್ಬಿತು. ಮಗಳಿಗೆ ಫೋಟೋ ಕಳಿಸಿದೆ. "ನೋಡಿದ್ಯಾ, ಕುಕ್ಕರ್ ಎಷ್ಟ ಛಲೋ ಐತಿ" ಅಂತ ಉತ್ತರ ಬಂತು. ಮೊಬೈಲ್ ಚಾರ್ಜ್ ಮುಗಿಯುತ್ತಿತ್ತು, ಸತ್ಯ ಹೇಳಲು ಆಗಲಿಲ್ಲ.