ಮಿದುಳಿನ ಅಲೆ ಬೇಕು, ಪ್ರಶ್ನೆಯೂ ಬೇಕು

ವಿಆರ್ (ಕಂಪ್ಯೂಟರ್ ಸೃಷ್ಟಿಸಿದ ಲೋಕವನ್ನು ಕಣ್ಮುಂದೆ ತೋರಿಸುವ ತಂತ್ರ) ಹೆಡ್‌ಸೆಟ್ ಹಾಕಿಕೊಂಡವರಿಗೆ ‘ನಾನು ಅಲ್ಲೇ ಇದ್ದೀನಿ’ ಅನ್ನಿಸುತ್ತದಲ್ಲ, ಅದನ್ನು ಇಇಜಿಯಿಂದಲೇ, ಅಂದರೆ ತಲೆಗೆ ಎಲೆಕ್ಟ್ರೋಡ್ ಇಟ್ಟು ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿಯೇ, ಅಳೆಯಬಹುದು, ಪ್ರಶ್ನಾವಳಿ ಇನ್ನು ಬೇಡ ಅನ್ನುತ್ತದೆ ನಾನು ಓದಿದ ಒಂದು ಲೇಖನ. ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ಹೆಡ್‌ಸೆಟ್ ತೆಗೆದ ಮೇಲೆ ಕೇಳಿದರೆ ಸಿಗುವುದು ನೆನಪು, ಆ ಗಳಿಗೆಯ ಅನುಭವ ಅಲ್ಲ. ಅದು ನಿಜ. ಅದಕ್ಕೇ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದವರು ಎದೆಬಡಿತ ಅಳೆದರು. 2002ರಲ್ಲಿ ಪ್ರಕಟವಾದ ಪ್ರಯೋಗ. ಕಣ್ಣಿಗೆ ಕಾಣುವುದು ಆಳವಾದ ಗುಂಡಿ. ಕಾಲ ಕೆಳಗೆ ಇದ್ದದ್ದು ಬರೀ ಒಂದೂವರೆ ಇಂಚು ಎತ್ತರದ ಮರದ ಹಲಗೆ. ಬೀಳುವುದಿಲ್ಲ ಅಂತ ಗೊತ್ತಿದ್ದರೂ ಎದೆ ಹೊಡೆದುಕೊಂಡಿತು. ಕಾಲಿಗೆ ಹಲಗೆಯ ಅಂಚು ತಾಗಿದಾಗ ಇನ್ನೂ ಜಾಸ್ತಿ!

ಆದರೆ ಭಯವೇ ಇಲ್ಲದ ಕಡೆ, ವಿಆರ್ ತೋಟದಲ್ಲಿ ಸುಮ್ನೆ ಕೂತಾಗ, ಎದೆಬಡಿತ ಏನು ಹೇಳೀತು? ಅಲ್ಲಿ ಮಿದುಳೇ ಬೇಕು. ಆಸ್ಟ್ರಿಯಾದ ಸಂಶೋಧಕರಾದ ಕೋಬರ್ ಮತ್ತು ನ್ಯೂಪರ್ ಇಇಜಿ ಬಳಸಿ 2012ರಲ್ಲಿ ಮಾಡಿದ ಉಪಾಯ ನನಗೆ ತುಂಬಾ ಇಷ್ಟ. ವಿಆರ್‌ಗೆ ಸಂಬಂಧವೇ ಇಲ್ಲದ ಶಬ್ದಗಳನ್ನು ನಡುನಡುವೆ ಕೇಳಿಸಿದರು. ಹೆಚ್ಚು ಮುಳುಗಿದವರ ಮಿದುಳು ಆ ಶಬ್ದಗಳಿಗೆ ಕಡಿಮೆ ಸ್ಪಂದಿಸಿತು.

ಹಾಗಿದ್ದರೂ ಅದು ತೋರಿಸುವುದು ಗಮನವನ್ನು. ಒಳ್ಳೆ ಕಾದಂಬರಿ ಓದುವಾಗಲೂ ಹೊರಗಿನ ಸದ್ದು ಕೇಳಿಸುವುದಿಲ್ಲ ಅಲ್ವಾ? ಜೊತೆಗೆ ಹೆಡ್‌ಸೆಟ್‌ನ ಪಟ್ಟಿ ಎಲೆಕ್ಟ್ರೋಡ್‌ಗಳನ್ನು ಒತ್ತುತ್ತದೆ, ಕತ್ತು ತಿರುಗಿಸಿದರೆ ಸ್ನಾಯುಗಳ ಸಿಗ್ನಲ್ ಬೆರೆಯುತ್ತದೆ. ಎತ್ತರದ ಭಯಕ್ಕೆ ವಿಆರ್ ಚಿಕಿತ್ಸೆ ಕೊಡುವವರು ಇಇಜಿ ಗ್ರಾಫ್ ಒಂದನ್ನೇ ನಂಬಬಾರದು. ‘ಅಲ್ಲಿದ್ದ ಹಾಗೆ ಅನ್ನಿಸಿತಾ?’ ಅಂತ ರೋಗಿಯನ್ನೂ ಕೇಳಬೇಕು.